ಪಂಪು ನಿಂತ ಮೇಲೆ ಏರಿದ ನೀರು



ಗಣಿಗೆ ಬೀಗ ಬಿದ್ದ ದಿನವೇ ನದಿಯ ಸಂಕಟ ಮುಗಿಯಿತೆಂದು ಭಾವಿಸುವುದು ಸಹಜ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ವೀಲ್ ಜೇನ್ ಎಂಬ ತವರದ ಗಣಿಯಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ. ಆಳವಾದ ಗಣಿಯೊಳಗೆ ಅಂತರ್ಜಲ ಸದಾ ಜಿನುಗುತ್ತದೆ. ಕೆಲಸ ನಡೆಯುವಷ್ಟು ಕಾಲ ಪಂಪುಗಳು ಅದನ್ನು ಹೊರಚೆಲ್ಲುತ್ತವೆ. 1991ರಲ್ಲಿ ಗಣಿ ಮುಚ್ಚಿತು, ಪಂಪುಗಳು ನಿಂತವು, ನೀರು ಮೇಲೇರತೊಡಗಿತು. 1992ರ ಜನವರಿಯಲ್ಲಿ ಹಳೆಯ ಸುರಂಗವೊಂದರ ಬಾಯಿಗೆ ಬಡಿದಿದ್ದ ಬಿರಡೆ ಒಡೆದು ಸುಮಾರು 5 ಕೋಟಿ ಲೀಟರ್ ವಿಷಜಲ ಕಾರ್ನನ್ ನದಿಗೆ ನುಗ್ಗಿತು. ಫಾಲ್ ಅಳಿವೆಯವರೆಗೂ ನೀರು ಕಿತ್ತಳೆ ಬಣ್ಣ ತಳೆಯಿತು.

ಈ ಬಣ್ಣದ ಮೂಲ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ನೆಲದೊಡಲಲ್ಲಿ ಮುಚ್ಚಿರುವವರೆಗೆ ಅದು ನಿರುಪದ್ರವಿ. ಸುರಂಗ ಕೊರೆದಾಗ ಗಾಳಿ, ನೀರು ಎರಡೂ ಅದಕ್ಕೆ ತಾಗಿ ಗಂಧಕಾಮ್ಲ ಹುಟ್ಟುತ್ತದೆ; ಕೆಲವು ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ಇನ್ನಷ್ಟು ತ್ವರೆಗೊಳಿಸುತ್ತವೆ. ಆಮ್ಲವು ಕಲ್ಲಿನಲ್ಲಿರುವ ಸತು, ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನು ಕರಗಿಸಿ ಹೊಳೆಗೆ ಒಯ್ಯುತ್ತದೆ.

ಪರಿಹಾರವೇನೋ ನಮ್ಮ ಅಡಕೆ ತೋಟಗಳಿಗೆ ಪರಿಚಿತವಾದ ಸುಣ್ಣವೇ. ಸುಣ್ಣ ಬೆರೆಸಿದರೆ ಆಮ್ಲ ಶಮನವಾಗಿ ಲೋಹಗಳು ಕೆಸರಾಗಿ ತಳ ಸೇರುತ್ತವೆ. ಜೊಂಡು ಬೆಳೆದ ಕೃತಕ ಜವುಗು, ಮರದ ಹೊಟ್ಟು ಹಾಗೂ ಸಗಣಿ ತುಂಬಿದ ಹೊಂಡ, ಪಾಚಿಗಟ್ಟಿದ ಕಲ್ಲುಹಾಸು — ಇಂಥ ಸರಳ ವಿಧಾನಗಳನ್ನೂ ಅಲ್ಲಿ ವರ್ಷಗಟ್ಟಲೆ ಪ್ರಯೋಗಿಸಲಾಯಿತು. ಸಣ್ಣ ಹರಿವಿಗೆ ಇವು ಒಗ್ಗುತ್ತವೆ, ಆದರೆ ವಿಶಾಲ ಭೂಮಿ ಬೇಡುತ್ತವೆ. ಕೊನೆಗೆ 2000ದಲ್ಲಿ ಸುಣ್ಣದ ಶುದ್ಧೀಕರಣ ಘಟಕವೇ ಶಾಶ್ವತ ವ್ಯವಸ್ಥೆಯಾಯಿತು. ಅದು ಇಂದಿಗೂ ನಡೆಯುತ್ತಿದೆ. ಕೆಸರನ್ನು ತುಂಬಿಡಲು ಜಾಗವೂ ಬೇಕು. ತವರ ಮಾರಿ ಬಂದ ಲಾಭ ಎಂದೋ ಕರಗಿತು, ವೆಚ್ಚ ಸಾರ್ವಜನಿಕ ಬೊಕ್ಕಸದ ಮೇಲೆ ಉಳಿಯಿತು. ಕೈಬಿಟ್ಟ ಗಣಿಯ ನೀರಿಗೆ ಮಾಲೀಕನನ್ನು ಹೊಣೆಯಾಗಿಸದ ಕಾನೂನು ಆಗ ಬ್ರಿಟನ್ನಿನಲ್ಲಿತ್ತು. 1995ರ ಪರಿಸರ ಕಾಯ್ದೆ ಬಂದ ಮೇಲೆ, 1999ರ ನಂತರ ಕೈಬಿಟ್ಟ ಗಣಿಗಳಿಗೆ ಆ ವಿನಾಯಿತಿ ಇಲ್ಲವಾಯಿತು. ಮುಚ್ಚುವ ಆರು ತಿಂಗಳು ಮೊದಲೇ ಸೂಚನೆ ನೀಡುವುದು ಕಡ್ಡಾಯವಾಯಿತು.

ಕುದುರೆಮುಖದ ಕಥೆ ಬೇರೆ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಅಂತ್ಯಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಭದ್ರೆಯನ್ನು ಕಾಡಿದ್ದು ಆಮ್ಲಕ್ಕಿಂತ ಹೆಚ್ಚಾಗಿ ಹೂಳು. ಆದರೆ ಅದಿರು ತೆಗೆದುಳಿದ ನುಣ್ಣನೆಯ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಹಾಗೆಯೇ ಇದೆ. ಪ್ರತಿ ಮಳೆಗಾಲ ಆ ಕಟ್ಟೆಯನ್ನು ಪರೀಕ್ಷಿಸುವವರು ಯಾರು, ಅದರ ವರದಿ ಕೆಳಹರಿವಿನ ಗ್ರಾಮ ಪಂಚಾಯಿತಿಗಳ ಕೈಗೆ ಸಿಗುತ್ತದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲೇ ಕೇಳಬಹುದು.