ಅವಸರದ ಕೈಗೂ ಲೆಕ್ಕವಿರಲಿ

(ಗೌರಿಬಿದನೂರಿನಲ್ಲಿ ಸಂತ ಮತ್ತಾಯರ ಹಬ್ಬದಂದು ನೀಡಿದ ಪ್ರಬೋಧನೆ)



ಸಂತ ಮತ್ತಾಯರು ಸುಂಕದ ಕಟ್ಟೆಯಲ್ಲಿ ಕುಳಿತು ಜನರ ಹಣ ಎಣಿಸುತ್ತಿದ್ದವರು. ನಿಗದಿಗಿಂತ ಹೆಚ್ಚು ವಸೂಲಿ ಮಾಡಿ ಮಿಕ್ಕಿದ್ದನ್ನು ಜೇಬಿಗಿಳಿಸುತ್ತಾರೆಂದು ಅಂದಿನ ಜನ ಸುಂಕದವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದರು. ಪ್ರಭು ಅವರನ್ನು ಕರೆದದ್ದು ಆ ಕಟ್ಟೆಯಿಂದಲೇ. ಸಾರ್ವಜನಿಕ ಹಣದ ಬಗ್ಗೆ ಯೋಚಿಸಲು ಇಂದು ತಕ್ಕ ದಿನ.

2020ರ ಮಾರ್ಚ್ ತಿಂಗಳನ್ನು ನಾವು ಮರೆತಿಲ್ಲ. ರಾಜ್ಯದಲ್ಲಿ ಕೊರೊನಾ ಮೊದಮೊದಲು ಕಾಣಿಸಿಕೊಂಡ ಊರುಗಳಲ್ಲಿ ನಮ್ಮ ಗೌರಿಬಿದನೂರೂ ಒಂದು. ಜೀವ ಹೋಗುತ್ತಿರುವಾಗ ಟೆಂಡರ್ ಕರೆದು ತಿಂಗಳುಗಟ್ಟಲೆ ಕಾಯಲಾಗದು. ಅದಕ್ಕೆಂದೇ ಸಾರ್ವಜನಿಕ ಖರೀದಿಯ ಪಾರದರ್ಶಕತೆಗಾಗಿ ರಾಜ್ಯ 1999ರಲ್ಲಿ ಮಾಡಿದ ಕಾಯ್ದೆಯಲ್ಲೂ ತುರ್ತಿಗೆ ವಿನಾಯಿತಿ ಇದೆ. ವಿನಾಯಿತಿ ತಪ್ಪಲ್ಲ. ಆದರೆ ಔಷಧಿ ಬೇಗ ಬರಲೆಂದು ತೆರೆದಿಟ್ಟ ಬಾಗಿಲಲ್ಲಿ ಕಳ್ಳನೂ ನುಸುಳಬಲ್ಲ.

ಆ ದಿನಗಳ ಖರೀದಿಗಳ ತನಿಖೆಗೆ ಸರಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಆಯೋಗ ನೇಮಿಸಿತು. 2024ರ ಆಗಸ್ಟ್ 31ರಂದು ಬಂದ ಅದರ ಮೊದಲ ವರದಿ, ಇಲ್ಲೇ ಕಡಿಮೆ ಬೆಲೆಗೆ ಸಿಗುತ್ತಿದ್ದ ಪಿಪಿಇ ಕಿಟ್‌ಗಳನ್ನು ಹೊರದೇಶದಿಂದ ದುಬಾರಿ ಬೆಲೆಗೆ ಕೊಂಡದ್ದನ್ನು ಎತ್ತಿ ಹೇಳಿತು. ಆರೋಪ ಹೊತ್ತವರು ಅದನ್ನು ಅಲ್ಲಗಳೆದಿದ್ದಾರೆ. ಅಪರಾಧಿ ಯಾರೆಂದು ಹೇಳಬೇಕಾದದ್ದು ನ್ಯಾಯಾಲಯ, ನಾವಲ್ಲ. ಆದರೆ ನಮ್ಮನ್ನು ಕಾಡಬೇಕಾದ ಮಾತೊಂದಿದೆ: ಲೆಕ್ಕ ಕೇಳುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ.

ಹಾಗಾದರೆ ದಾರಿ ಯಾವುದು? ಜೆರುಸಲೇಮಿನ ಬಡವರಿಗಾಗಿ ಸಂತ ಪೌಲರು ಊರೂರುಗಳಲ್ಲಿ ಹಣ ಕೂಡಿಸಿದರು.  ಆ ಹಣದ ಕೆಲಸಕ್ಕೆ ತೀತನ ಜೊತೆ ಸಭೆಗಳೇ ಆರಿಸಿದ ಇನ್ನೊಬ್ಬರನ್ನೂ ಕಳುಹಿಸಿದರು. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ವ್ಯವಹಾರ ನೇರವಾಗಿರಬೇಕೆಂಬುದು ಅವರ ಕಾಳಜಿ. ಒಳ್ಳೆಯವರೆಂಬ ನಂಬಿಕೆ ಒಂದೇ ಸಾಲದು, ಎರಡನೆಯ ಕಣ್ಣೂ ಬೇಕು.

ಬರ ನಮ್ಮ ಸೀಮೆಗೆ ಹೊಸದಲ್ಲ. ಮುಂದಿನ ಸಲ ಟ್ಯಾಂಕರ್ ನೀರು ಬಂದಾಗ ಎಷ್ಟು ಸಲ ಬಂತೆಂದು ಬೀದಿಯ ಇಬ್ಬರು ಬರೆದಿಡಲಿ. ಯಾರಿಂದ, ಯಾವ ಬೆಲೆಗೆ, ಎಷ್ಟು ಕೊಂಡರೆಂಬುದನ್ನು ಪಂಚಾಯಿತಿ ಅದೇ ವಾರ ಗೋಡೆಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಲಿ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 30 ದಿನಗಳಲ್ಲಿ ಉತ್ತರ ಸಿಗಬೇಕು. ಜೀವದ ಪ್ರಶ್ನೆಯಾದರೆ 48 ಗಂಟೆಗಳಲ್ಲೇ ಸಿಗಬೇಕು. ಆ ಹಕ್ಕನ್ನು ನಾವು ಬಳಸೋಣ. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡೋಣ. ನಮ್ಮಲ್ಲಿ ಸರಕಾರಿ ಕೆಲಸದಲ್ಲಿರುವವರು ನೋಡದ ಸರಕಿನ ಬಿಲ್ಲಿಗೆ ಸಹಿ ಹಾಕದಿರಲಿ. ಹಾಗೆ ನಿಂತವರನ್ನು ನಾವು ಒಂಟಿಯಾಗಿ ಬಿಡದಿರೋಣ.

ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ಹಸಿದವನ ಪಾಲನ್ನು ಕಾಯುವ ಕೆಲಸ. ಆ ಕೆಲಸಕ್ಕೆ ಬೇಕಾದ ಧೈರ್ಯವನ್ನು ಪ್ರಭು ನಮಗೆ ದಯಪಾಲಿಸಲಿ. ಆಮೆನ್.