ಮಕ್ಕಳನ್ನು ಕೇಳೋಣ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ನುಡಿಯ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ನುಡಿಯಿಂದ ನಮ್ಮ ಮನೆಗಳಲ್ಲಿ ಆಗಬೇಕಾದ ಒಂದು ಕೆಲಸವನ್ನು ಕುರಿತು ಇಂದು ಅರಿಕೆ ಮಾಡಿಕೊಳ್ಳುತ್ತೇನೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ, 2022ರಲ್ಲಿ ನಮ್ಮ ದೇಶದ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. 2025ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಉನ್ನತ ವಿದ್ಯಾಸಂಸ್ಥೆಗಳಲ್ಲಿನ ಈ ಸ್ಥಿತಿಯನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಶ್ರೀ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆಯನ್ನು ನೇಮಿಸಿತು. ಸರಕಾರವೂ ಕಾಲೇಜುಗಳೂ ಮಾಡಬೇಕಾದುದು ಬಹಳವಿದೆ. ತಂದೆತಾಯಿಗಳ ಪಾಲಿಗೂ ಒಂದಿಷ್ಟು ಉಂಟು.

ನಾವು ಹುಟ್ಟಿದೂರು ಬಿಟ್ಟು ಬಂದವರು. ಬಾಡಿಗೆಯ ಕೋಣೆಯಲ್ಲಿ ಸಂಸಾರ ಹೂಡಿ, ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದೆವು. “ಇಷ್ಟೆಲ್ಲ ನಿನಗಾಗಿಯೇ” ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಪರೀಕ್ಷೆಯಲ್ಲಿ ನಪಾಸಾದ ಮಗುವಿಗೆ ಅದೇ ಮಾತು ತೀರಿಸಲಾಗದ ಸಾಲದಂತೆ ಕೇಳಬಹುದು. ಆಗ ಹಾಸ್ಟೆಲಿನಿಂದ ಫೋನಿನಲ್ಲಿ “ಚೆನ್ನಾಗಿದ್ದೇನೆ” ಎಂಬ ಒಂದೇ ಉತ್ತರ ಬರುತ್ತದೆ. ಪರೀಕ್ಷೆಯೊಂದೇ ಕಾರಣವೆಂದು ತಿಳಿಯಬಾರದು. ಖಿನ್ನತೆಯೆಂಬ ಕಾಯಿಲೆ, ಒಂಟಿತನ, ಜಾತಿಯ ಅವಮಾನ, ಹಣದ ಮುಗ್ಗಟ್ಟು, ಹೀಗೆ ಹಲವು ಕೂಡಿಕೊಳ್ಳುತ್ತವೆ.

ನಿದ್ರೆ ಕೆಡುವುದು, ಊಟ ಸೇರದಿರುವುದು, ಗೆಳೆಯರಿಂದ ದೂರ ಸರಿಯುವುದು, ಅಕ್ಕರೆಯ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, “ನನ್ನಿಂದ ನಿಮಗೆ ಹೊರೆ” ಎನ್ನುವುದು—ಇವನ್ನು ಕಂಡರೆ ನೇರವಾಗಿ ಕೇಳಬೇಕು: “ಸಾಯಬೇಕೆಂಬ ಯೋಚನೆ ಬರುತ್ತಿದೆಯೇನಪ್ಪಾ? ಬರುತ್ತಿದೆಯೇನಮ್ಮಾ?” ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬುದು ತಪ್ಪು ನಂಬಿಕೆ. ಕೇಳುವವರಿದ್ದಾರೆಂದು ತಿಳಿದರೆ ಎದೆಯ ಭಾರ ಎಷ್ಟೋ ಇಳಿಯುತ್ತದೆ.

ಹೌದೆಂದರೆ ಬಯ್ಯಬೇಡಿ, ಉಪದೇಶ ಮಾಡಬೇಡಿ, ಒಂಟಿಯಾಗಿ ಬಿಡಬೇಡಿ. ದೂರದ ಊರಿನಲ್ಲಿದ್ದರೆ ಕೂಡಲೇ ಹೊರಡಿ. ನೀವು ಸೇರುವವರೆಗೆ ಜೊತೆಗಿರಲು ವಾರ್ಡನರನ್ನೋ ಗೆಳೆಯರನ್ನೋ ಕೇಳಿಕೊಳ್ಳಿ. ಬಳಿಕ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಜ್ವರಕ್ಕೆ ಔಷಧಿ ಕೊಡಿಸಲು ನಾಚದ ನಾವು ಇದಕ್ಕೇಕೆ ನಾಚಬೇಕು? ಸರಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಅದರ ಭಾಷೆಗಳಲ್ಲೊಂದು. ಮಕ್ಕಳೂ ಕರೆಯಬಹುದು, ದಿಕ್ಕು ತೋಚದ ತಂದೆತಾಯಿಗಳೂ ಕರೆಯಬಹುದು.

ಕೊನೆಯದಾಗಿ ಒಂದೇ ಬಿನ್ನಹ. “ನಪಾಸಾದರೂ ಮನೆಗೆ ಬಾ, ಊಟ ಮಾಡೋಣ, ಮುಂದಿನದನ್ನು ಕೂಡಿ ಯೋಚಿಸೋಣ” ಎಂಬ ಮಾತನ್ನು ಫಲಿತಾಂಶ ಬರುವ ಮೊದಲೇ, ನಮ್ಮ ಮನೆಮಾತಿನಲ್ಲೇ, ಮಕ್ಕಳಿಗೆ ಹೇಳಿಡೋಣ.