ಕಪಾಟಿನಲ್ಲಿದ್ದೂ ಸಿಗದ ಪುಸ್ತಕ: ಗ್ರಂಥಾಲಯ ವಿಜ್ಞಾನದ ಪಾಠ ಯಾರಿಗಾಗಿ?

ವರ್ಗೀಕರಣದ ಪ್ರಾಯೋಗಿಕ ಪರೀಕ್ಷೆ. ಬಿ.ಲಿಬ್. ವಿದ್ಯಾರ್ಥಿನಿಯ ಮೇಜಿನ ಮೇಲೆ ಡ್ಯೂಯಿ ದಶಮಾಂಶ ಪದ್ಧತಿಯ ದಪ್ಪ ಸಂಪುಟಗಳು, ಕೈಯಲ್ಲಿ ಬಸವಣ್ಣನವರ ವಚನಸಂಗ್ರಹ. ಇದಕ್ಕೆ ಯಾವ ಸಂಖ್ಯೆ? ಕನ್ನಡ ಸಾಹಿತ್ಯವೆಂದು ಹಿಡಿದರೆ 894.814, ಶೈವ ಧರ್ಮವೆಂದು ಹಿಡಿದರೆ 294.5513. ಮೊದಲನೆಯದನ್ನು ಕೊಟ್ಟರೆ ಪುಸ್ತಕ ಪಂಪ, ಕುಮಾರವ್ಯಾಸರ ಸಾಲಿಗೆ ಹೋಗುತ್ತದೆ. ಎರಡನೆಯದನ್ನು ಕೊಟ್ಟರೆ ಹತ್ತಾರು ಕಪಾಟು ಆಚೆ. ಎರಡಕ್ಕೂ ಸಮರ್ಥನೆ ಇದೆ, ಎರಡಕ್ಕೂ ಅಂಕ ಸಿಕ್ಕೀತು. ಆದರೆ ಆ ಪುಸ್ತಕವನ್ನು ಕೇಳಿಕೊಂಡು ಬರುವವರು ಯಾರು? ಸಂಶೋಧನೆಗೆ ಕೂತ ಹುಡುಗಿಯೇ, ಬಸವ ಜಯಂತಿಗೆ ಭಾಷಣ ಸಿದ್ಧಮಾಡಿಕೊಳ್ಳುವ ಮೇಷ್ಟರೇ? ಪ್ರಶ್ನೆಪತ್ರಿಕೆ ಇದನ್ನು ಕೇಳುವುದಿಲ್ಲ.

ಈಗ ಗ್ರಂಥಾಲಯ ವಿಜ್ಞಾನದ ಎಲ್ಲ ವಿಭಾಗಗಳಿಗೂ ಧ್ಯೇಯವಾಕ್ಯವಿದೆ, ಕಲಿಕಾ ಫಲಿತಾಂಶಗಳ ಪಟ್ಟಿಯಿದೆ. ನ್ಯಾಕ್ ಸಮಿತಿ ಬರುವ ಮುನ್ನ ಆ ಫೈಲಿನ ಧೂಳು ಕೊಡವುತ್ತಾರೆ. ಮಾಹಿತಿ ಸಮಾಜಕ್ಕೆ ಸಮರ್ಥ ವೃತ್ತಿಪರರನ್ನು ರೂಪಿಸುವುದು ಎಂಬ ಅರ್ಥದ ಸಾಲು ಎಲ್ಲದರಲ್ಲೂ ಸಿಗುತ್ತದೆ. ವಿಭಾಗದ ಹೆಸರನ್ನು ಅಳಿಸಿಬಿಟ್ಟರೆ ಯಾವ ಊರಿನ ಪಟ್ಟಿಯೆಂದು ಹೇಳಲಾಗದು. ತೊಡಕಿರುವುದು ಅಲ್ಲಿಯೇ.

ಈ ಪಾಠ ಶುರುವಾದಾಗ ಗುರಿ ಬಹಳ ಸಣ್ಣದಿತ್ತು. 1887ರ ಜನವರಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಮೆಲ್ವಿಲ್ ಡ್ಯೂಯಿ ಜಗತ್ತಿನ ಮೊದಲ ಗ್ರಂಥಾಲಯ ಶಾಲೆ ತೆರೆದ. ಮೊದಲ ತಂಡದ 20 ಮಂದಿಯಲ್ಲಿ 17 ಮಂದಿ ಹೆಂಗಸರು, ಕಾಲೇಜಿನ ಆಡಳಿತಕ್ಕೆ ಅದೇ ಕಣ್ಣುರಿ. ಎರಡು ವರ್ಷಕ್ಕೆಲ್ಲ ಶಾಲೆ ಗಂಟುಮೂಟೆ ಕಟ್ಟಿಕೊಂಡು ಆಲ್ಬನಿಗೆ ಹೋಯಿತು. ಅಲ್ಲಿ ಕಲಿಸಿದ್ದು ಕೈಕೆಲಸ: ಪುಸ್ತಕ ತರಿಸುವುದು, ದಾಖಲಿಸುವುದು, ಕ್ಯಾಟಲಾಗ್ ಕಾರ್ಡನ್ನು ಯಾರು ಬರೆದರೂ ಒಂದೇ ಥರ ಕಾಣುವಂತೆ ದುಂಡಗೆ ಬರೆಯುವುದು. ಆ ಬರವಣಿಗೆಗೇ ಒಂದು ಶೈಲಿಯಿತ್ತು, ಅದನ್ನು ಅಭ್ಯಾಸ ಮಾಡಿಸುತ್ತಿದ್ದರು. ಮುಂದೆ ಶಾಲೆ ಕೊಲಂಬಿಯಾಕ್ಕೇ ಮರಳಿತು, 1992ರಲ್ಲಿ ಬಾಗಿಲು ಹಾಕಿತು.

ಕೈಕೆಲಸದ ಹಿಂದೆ ಓದುಗನನ್ನು ನಿಲ್ಲಿಸಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಗ್ರಂಥಾಲಯದ ಒಂಟಿತನ ಸಾಕೆನಿಸಿ, ಹಳೆಯ ಕಾಲೇಜಿಗೆ ಹೋಗಿ ವಾಪಸು ಕರೆಸಿಕೊಳ್ಳಿರೆಂದು ಕೇಳಿದರು. ಲಂಡನ್ನಿನಲ್ಲಿ ತರಬೇತಿ ಮುಗಿಸಿ ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಅವರನ್ನು ಕಳಿಸಿದರು. ಲಂಡನ್ನಿನ ಸೆಲ್ಫ್ರಿಡ್ಜಸ್ ಅಂಗಡಿಯಲ್ಲಿ ಕಂಡ ಮೆಕ್ಯಾನೊ ಆಟಿಕೆಯ ತುಂಡುಗಳಿಂದ ಅವರಿಗೆ ತಮ್ಮ ಕೋಲನ್ ವರ್ಗೀಕರಣ ಪದ್ಧತಿಯ ಹೊಳಹು ಸಿಕ್ಕಿದ ಕಥೆ ಪ್ರಸಿದ್ಧವೇ. ಅದಕ್ಕಿಂತ ಮುಖ್ಯವಾದದ್ದು ಇಂಗ್ಲೆಂಡಿನ ಸಾರ್ವಜನಿಕ ಗ್ರಂಥಾಲಯಗಳನ್ನು ಅವರು ಸುತ್ತಿ ನೋಡಿದ್ದು. ಅಲ್ಲಿ ಕೂಲಿಯವರೂ ಮಕ್ಕಳೂ ಪುಸ್ತಕ ಒಯ್ಯುತ್ತಿದ್ದರು. 1929ರಲ್ಲಿ ಮದರಾಸಿನಲ್ಲಿ ಬೇಸಿಗೆ ತರಗತಿ ಆರಂಭವಾದಾಗ, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪುಸ್ತಕ ಬಂದಾಗ ಅವರ ಒತ್ತು ಒಂದೇ: ಪುಸ್ತಕ ಇರುವುದು ಬಳಕೆಗೆ, ಓದುಗನ ಹೊತ್ತು ಹಾಳಾಗಬಾರದು. ಅದೇ 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟವು.

ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1961ರಲ್ಲಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ಇಲ್ಲಿಯೇ ದತ್ತಿಯಿಟ್ಟು ಉಪನ್ಯಾಸ ಮಾಲೆಗೆ ದಾರಿ ಮಾಡಿದರು. ಮರುವರ್ಷ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಶುರುವಾಯಿತು. 1965ರಲ್ಲಿ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುವಾಗ ಜನ ಗೊಣಗುವುದು ಈ ಕಾಯ್ದೆಯ ದೆಸೆಯಿಂದಲೇ. ಪಾಠ ಹೇಳುವ ಕೇಂದ್ರ, ಕಾನೂನು, ಹಣದ ದಾರಿ ಮೂರೂ ಇಷ್ಟು ಬೇಗ ಒದಗಿದ ರಾಜ್ಯಗಳು ಹೆಚ್ಚಿಲ್ಲ.

ಆದರೂ ಕನ್ನಡ ಪುಸ್ತಕ ಹುಡುಕುವುದು ಇವತ್ತಿಗೂ ಕಷ್ಟ. ತ್ರಿವೇಣಿಯವರ ಕಾದಂಬರಿ ಬೇಕೆಂದು ಒಬ್ಬರು ಬಂದರೆನ್ನಿ. ಒಂದು ಗ್ರಂಥಾಲಯ ಅವರನ್ನು ತ್ರಿವೇಣಿ ಎಂದೇ ದಾಖಲಿಸಿರುತ್ತದೆ, ಇನ್ನೊಂದು ಅನಸೂಯಾ ಶಂಕರ್ ಎಂದು. ಮಾಸ್ತಿಯವರ ಕಥೆಗಳ ಮೇಲೆ ‘ಶ್ರೀನಿವಾಸ’ ಎಂಬ ಹೆಸರು. ಬೇಂದ್ರೆಯವರಂತೂ ಅಂಬಿಕಾತನಯದತ್ತರೂ ಹೌದು, ದತ್ತಾತ್ರೇಯ ರಾಮಚಂದ್ರರೂ ಹೌದು, ಬರೀ ‘ದ.ರಾ.’ ಕೂಡ ಹೌದು. ಕುವೆಂಪು ‘ಕ’ಕಾರದಲ್ಲಿ ಕೂರುತ್ತಾರೋ ‘ಪ’ಕಾರದಲ್ಲಿ ಪುಟ್ಟಪ್ಪನವರಾಗಿಯೋ? ಇವುಗಳಲ್ಲಿ ಒಂದನ್ನು ಅಧಿಕೃತ ಹೆಸರಾಗಿ ಗೊತ್ತುಮಾಡಿ, ಉಳಿದವನ್ನು ‘ಇದನ್ನು ನೋಡಿ’ ಎಂದು ಅದಕ್ಕೆ ಕೊಂಡಿ ಹಾಕುವ ಕೆಲಸವನ್ನು ಸೂಚೀಕರಣದ ಪಠ್ಯ ಚೆನ್ನಾಗಿಯೇ ಕಲಿಸುತ್ತದೆ. ಉದಾಹರಣೆ ಮಾತ್ರ ಮಾರ್ಕ್ ಟ್ವೇನ್. ಟ್ವೇನ್ ಯಾವ ಹೆಸರಿನಡಿ ಸಿಗಬೇಕೆಂಬುದನ್ನು ಅಮೆರಿಕದವರು ಎಂದೋ ತೀರ್ಮಾನಿಸಿಯಾಗಿದೆ. ತ್ರಿವೇಣಿಯವರದ್ದನ್ನು ತೀರ್ಮಾನಿಸಬೇಕಾದವರು ಮೈಸೂರು, ಧಾರವಾಡ, ಕಲಬುರಗಿಯವರು, ಅಮೆರಿಕದವರಲ್ಲ.

ಡ್ಯೂಯಿ ಪದ್ಧತಿಯೂ ನಮಗಾಗಿ ಹುಟ್ಟಿದ್ದಲ್ಲ. ಇಂಗ್ಲಿಷ್ ಸಾಹಿತ್ಯಕ್ಕೆ 820ರ ಇಡೀ ಅಂಗಳ ಸಿಕ್ಕಿದೆ. ಕನ್ನಡ, ತಮಿಳು, ಚೀನೀ, ಅರಬ್ಬಿ ಎಲ್ಲವೂ 890ರ ಒಂದೇ ಕೋಣೆಯಲ್ಲಿ. ದಶಮಾಂಶ ಬಿಂದುವಿನಾಚೆ ಮೂರು ಅಂಕಿ ನಡೆದ ಮೇಲಷ್ಟೆ ಕನ್ನಡದ ಬಾಗಿಲು.

ತಂತ್ರಾಂಶ ಬಂದ ಮೇಲೆ ಇದೆಲ್ಲ ಸರಿಹೋಯಿತು ಎನ್ನುವವರಿದ್ದಾರೆ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಪ್ರದೇಶದ ಗ್ರಂಥಾಲಯಗಳಿಗಾಗಿ ಸಿದ್ಧವಾಗಿ 2000ದ ಆರಂಭದಲ್ಲಿ ಬಳಕೆಗೆ ಬಂದ ‘ಕೋಹಾ’ ಇವತ್ತು ನಮ್ಮ ಎಷ್ಟೋ ಕಾಲೇಜುಗಳಲ್ಲಿದೆ. ಉಚಿತ, ಒಳ್ಳೆಯದು, ಯೂನಿಕೋಡ್ ಬಲ್ಲದು. ಆದರೆ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಪಟ್ಟಿಯನ್ನು ಹಾಗೆಯೇ ಸುರಿದರೆ ಪರದೆಯ ಮೇಲೆ ಅರ್ಥವಾಗದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಆ ಜಂಜಾಟವೇ ಬೇಡವೆಂದು ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಲಿಪಿಯಲ್ಲಿ ತುಂಬಿದರೆ ‘ಬೆಟ್ಟದ ಜೀವ’ಕ್ಕೆ ಒಂದು ‘ಟಿ’ ಹಾಕಬೇಕೋ ಎರಡೋ ಎಂಬ ಊಹೆ ಓದುಗನ ಪಾಲಿಗೆ. ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರ್ ಇಲ್ಲವೆನ್ನುತ್ತದೆ, ಬಂದವರು ಹೊರಟುಹೋಗುತ್ತಾರೆ. ಇದನ್ನು ಸರಿಪಡಿಸಬಲ್ಲವನಿಗೆ ಸೂಚೀಕರಣ ಗೊತ್ತಿರಬೇಕು, ಕಂಪ್ಯೂಟರ್ ಗೊತ್ತಿರಬೇಕು, ಕನ್ನಡ ಸಾಹಿತ್ಯವೂ ಗೊತ್ತಿರಬೇಕು. ಮೂರನೆಯದು ಯಾವ ಕಲಿಕಾ ಫಲಿತಾಂಶದ ಪಟ್ಟಿಯಲ್ಲಿದೆ?

ಕೊನೆಯ ಸೆಮಿಸ್ಟರಿನ ಪ್ರಬಂಧಗಳನ್ನು ನೋಡಿದರೂ ಇದೇ ಕಥೆ. ಇಂಥ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇ-ಸಂಪನ್ಮೂಲಗಳ ಅರಿವು ಮತ್ತು ಬಳಕೆ: ಒಂದು ಸಮೀಕ್ಷೆ. ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ, ಅರಿವು ಹೆಚ್ಚಿಸಬೇಕೆಂದು ಶಿಫಾರಸು ಬರೆದರೆ ಮುಗಿಯಿತು. ಇತ್ತ ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ‘ಅರಿವು ಕೇಂದ್ರ’ ಎಂಬ ಹೊಸ ಫಲಕದಡಿ ಅವುಗಳನ್ನು ನಡೆಸುವ ಮೇಲ್ವಿಚಾರಕರು ವರ್ಷಗಟ್ಟಲೆ ಗೌರವಧನಕ್ಕೆ ದುಡಿದವರು. ಎಂ.ಲಿಬ್. ವಿದ್ಯಾರ್ಥಿಯನ್ನು ಸಮೀಕ್ಷೆಯ ಬದಲು ಇಂಥದೊಂದು ಗ್ರಂಥಾಲಯಕ್ಕೆ ಒಂದು ಸೆಮಿಸ್ಟರು ಕಳಿಸಬಹುದು. ಅಲ್ಲಿರುವ ಕನ್ನಡ ಪುಸ್ತಕಗಳ ದಾಖಲೆಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುವುದು, ಪ್ರತಿ ಲೇಖಕರ ನಿಜನಾಮ, ಕಾವ್ಯನಾಮಗಳನ್ನು ಬೆಸೆಯುವುದು, ಮೇಲ್ವಿಚಾರಕರ ಜೊತೆ ಕೂತು ಹೋದ ತಿಂಗಳು ಯಾರು ಏನು ಕೇಳಿದರು, ಏನು ಸಿಗಲಿಲ್ಲ ಎಂದು ಬರೆದಿಡುವುದು ಆ ವಿದ್ಯಾರ್ಥಿಯ ಕೆಲಸ. ಮೌಖಿಕ ಪರೀಕ್ಷೆಗೆ ಹೊರಗಿನ ಪ್ರಾಧ್ಯಾಪಕರ ಜೊತೆ ಆ ಮೇಲ್ವಿಚಾರಕರನ್ನೂ ಕೂರಿಸಬೇಕು. ಶ್ರೀರಂಗ ಎಂದು ಹುಡುಕಿದರೂ ಆದ್ಯ ರಂಗಾಚಾರ್ಯ ಎಂದು ಹುಡುಕಿದರೂ ಅದೇ ನಾಟಕಗಳು ಸಿಗುತ್ತವೆಯೇ ಎಂದು ಮೊದಲ ಪ್ರಶ್ನೆ ಅವರೇ ಕೇಳಲಿ.